ಹೊರಗಿನವಳಿಗೂ ಒಳಗೆ ಸ್ಥಳ

ದೇವರು ಮನುಷ್ಯನನ್ನು ತನ್ನವನೆಂದು ಎಣಿಸುವುದು ಹುಟ್ಟಿನಿಂದಲೋ, ನಂಬಿಕೆಯಿಂದಲೋ? ಬೈಬಲಿನಲ್ಲಿ ಕೇವಲ 4 ಅಧ್ಯಾಯಗಳುಳ್ಳ ರೂತಳ ಗ್ರಂಥವು ಇದಕ್ಕೆ ಕೊಡುವ ಉತ್ತರ ವಿಚಾರಾರ್ಹವಾದುದು.

ರೂತಳು ಮೋವಾಬ್ ದೇಶದವಳು. ಮೋವಾಬ್ಯರು ಹತ್ತನೆಯ ತಲೆಯವರೆಗೂ ದೇವರ ಸಭೆಯಲ್ಲಿ ಸೇರಕೂಡದೆಂಬುದು ಧರ್ಮೋಪದೇಶಕಾಂಡದ ವಿಧಿ. ಗಂಡ ತೀರಿಕೊಂಡ ಮೇಲೆ, ತವರಿಗೆ ಮರಳೆಂದು ಅತ್ತೆ ನೊವೊಮಿಯೇ ಒತ್ತಾಯಪಡಿಸಿದಳು. ಓರಗಿತ್ತಿಯು ಹಿಂದಿರುಗಿದಳು. ರೂತಳಾದರೋ ಅತ್ತೆಯ ಜನರನ್ನೂ ಅತ್ತೆಯ ದೇವರನ್ನೂ ತನ್ನವರೆಂದು ಆರಿಸಿಕೊಂಡು ಬೇತ್ಲೆಹೇಮಿಗೆ ನಡೆದಳು.

ಅಲ್ಲಿ ಅವಳನ್ನು ಬದುಕಿಸಿದ್ದೇನು? ಬಡವರಿಗೂ ಪರದೇಶಿಗಳಿಗೂ ಹಕ್ಕಲು ತೆನೆಗಳನ್ನು ಬಿಡಬೇಕೆಂಬ ಅದೇ ಮೋಶೆಯ ಧರ್ಮಶಾಸ್ತ್ರದ ಇನ್ನೊಂದು ವಿಧಿ. ಹೊಲದ ಒಡೆಯನಾದ ಬೋವಜನು ಅದನ್ನು ಪಾಲಿಸಿದ್ದಲ್ಲದೆ, ಸಿವುಡುಗಳಿಂದಲೂ ತೆನೆಗಳನ್ನು ಕಿತ್ತು ಅವಳಿಗಾಗಿ ಬಿಡಿರೆಂದು ಆಳುಗಳಿಗೆ ಹೇಳಿದನು. ಕಡೆಗೆ ಅವಳ ಕೈಹಿಡಿದನು.

ಆ ನಿಷೇಧವು ಗಂಡಸರಿಗೆ ಮಾತ್ರವೆಂದು ಯೆಹೂದ್ಯ ಪಂಡಿತರು ಅರ್ಥಮಾಡಿದರು. ಇರಬಹುದು. ಆದರೂ ಅವಳ ಮರಿಮಗನೇ ದಾವೀದರಾಜ! ಹತ್ತು ತಲೆ ಹೊರಗೆ ನಿಲ್ಲಬೇಕಾಗಿದ್ದ ರಕ್ತಕ್ಕೆ ನಾಲ್ಕನೆಯ ತಲೆಯಲ್ಲಿಯೇ ಸಿಂಹಾಸನ ದೊರೆಯಿತು. ಮತ್ತಾಯನು ಕ್ರಿಸ್ತನ ವಂಶಾವಳಿಯಲ್ಲಿ ಅವಳ ಹೆಸರನ್ನು ಮರೆಮಾಚದೆ ಬರೆದನು.

ದೇವರು ಬಾಗಿಲು ತೆರೆದರೆ ಸಾಲದು. ಒಳಗಿರುವವರು ಸರಿದು ಸ್ಥಳ ಕೊಡಬೇಕು. ನಂಬಿ ಬಂದವನ ಕುಲವನ್ನು ಇಂದಿಗೂ ಕೇಳುವ ಕ್ರೈಸ್ತರಾರಾದರೂ ಇದ್ದರೆ, ಅವರು ರೂತಳ ಕಥೆಯನ್ನು ಓದಿರಬಹುದು. ಅರಿತಿಲ್ಲವೆಂದೇ ನನ್ನ ಅಭಿಪ್ರಾಯ.