‘ನಾಳೆ ಬಾ’ ಅಂದರೆ ಚೀಟಿ ಕೇಳಿ

ಅಕ್ಕ-ತಂಗಿಯರೇ, ದೆವ್ವ ಬರಬಾರದೆಂದು ಹಿಂದೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು, ನೆನಪಿದೆಯೇ? ಅತ್ತೆಯವರ ಆದಾಯ ಪ್ರಮಾಣಪತ್ರಕ್ಕೆಂದು ಕಚೇರಿಗೆ ಹೋದ ನನಗೂ ಮೂರು ಸಲ ಅದೇ ಮಾತು! ‘ಇವರನ್ನ ನಂಬೂದ ಹ್ಯಾಂಗ?’ ಎಂದು ಗೊಣಗುತ್ತ ಜೋರಾಪುರ ಪೇಟೆಗೆ ಮರಳಿದರೆ, ನೆರೆಮನೆಯ ಕಾಕು ‘ಸಕಾಲದ ಚೀಟಿ ಇಸಗೊಂಡಿಯೇನವಾ?’ ಎಂದರು.

2012ರ ಏಪ್ರಿಲ್ 2ರಿಂದ ರಾಜ್ಯದ ತುಂಬ ಜಾರಿಯಲ್ಲಿರುವ ಸಕಾಲ ಕಾಯ್ದೆಯಂತೆ, ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟೊಡನೆ ನಂಬರಿನ ಚೀಟಿ ಕೊಡಬೇಕು, ಕೆಲಸಕ್ಕೆ ಗಡುವುಂಟು. ತಪ್ಪಿದರೆ ಮೇಲ್ಮನವಿ ಹಾಕಿ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಅದನ್ನು ಅಧಿಕಾರಿಯ ಸಂಬಳದಿಂದಲೇ ಮುರಿಯುತ್ತಾರೆ.

ಮರುದಿನ ಚೀಟಿ ಕೇಳಿ ಪಡೆದೆ. ಗಡುವಿನೊಳಗೆ ಪತ್ರ ಕೈಸೇರಿತು. ಹಾಲಿನ ಲೆಕ್ಕಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ನಮಗೆ ಇದೇನು ಕಷ್ಟ? ಲೆಕ್ಕ ಇಟ್ಟಲ್ಲೇ ನಂಬಿಕಿ ಉಳೀತದ ನೋಡ್ರಿ.