ಬಂಗಾರ ಸಿಗದ ಗೋರಿಗಳ ಪರವಾಗಿ

ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ ಮಣ್ಣಿನ ದಿಬ್ಬದಡಿ ಸಿಕ್ಕ ಹಡಗಿನ ಕಥೆಯನ್ನು ಹೇಳುವ ‘ದಿ ಡಿಗ್’ ಸಿನಿಮಾ 2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಿತು. ಆ ದಿಬ್ಬದ ಸುದ್ದಿ ಈಗ ನಮ್ಮ ಭೀಮರಾಯನಗುಡಿಯ ಚಹಾದಂಗಡಿಯವರೆಗೂ ಬಂದಿದೆ. ಸಿನಿಮಾ ನೋಡಿದ ಪರಿಚಿತರೊಬ್ಬರು ಹೇಳಿದರು: “ಅವರ ಮಣ್ಣಾಗ ಬಂಗಾರ ಸಿಗ್ತದ, ನಮ್ಮ ಮಣ್ಣಾಗ ಮಡಿಕಿ ಚೂರು. ಮಂದಿ ಯಾಕ ನೋಡ್ತಾರ ಹೇಳ್ರಿ?” ಪಕ್ಕದಲ್ಲಿದ್ದವರು ಅದಕ್ಕೆ ಷರಾ ಬರೆದರು: “ಅದಲ್ರೀ ಸರ, ನಮ್ಮ ಮಂದಿಗೆ ಇತಿಹಾಸ ಪ್ರಜ್ಞೆನೇ ಇಲ್ಲ.”

ಮೊದಲ ಮಾತಿನಲ್ಲಿ ಅರ್ಧ ನಿಜವಿದೆ. ಎರಡನೆಯದರಲ್ಲಿ ಅಷ್ಟೂ ಇಲ್ಲ. ಆದರೆ ಓದಿದವರ ನಡುವೆ ಹೆಚ್ಚು ಓಡಾಡುವುದು ಎರಡನೆಯ ಮಾತೇ. ಜನರನ್ನು ಬೈದರೆ ತಾನು ಜನರಿಗಿಂತ ಮೇಲೆ ನಿಂತಂತಾಗುತ್ತದೆ ಎಂಬ ಸುಖ ಅದರಲ್ಲಿದೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಸಟನ್ ಹೂವಿಗೆ ಜನ ಮುಗಿಬೀಳುವುದಕ್ಕೆ ಬಂಗಾರ ಅರ್ಧ ಕಾರಣ. ಉಳಿದರ್ಧ ಕಾರಣ, ಅಲ್ಲಿ ಸಿಕ್ಕಿದ್ದನ್ನು ಎಚ್ಚರದಿಂದ ಅಗೆದು, ಬರೆದಿಟ್ಟು, ಅಲ್ಲಿಯ ಜನರಿಗೆ ಅವರದೇ ಮಾತಿನಲ್ಲಿ ಹೇಳಿದ್ದು. ನಮ್ಮ ಸೀಮೆಯ ಗೋರಿಗಳಲ್ಲಿ ಇಲ್ಲದಿರುವುದು ಬಂಗಾರವಲ್ಲ, ಈ ಹೇಳುವ ಕೆಲಸ.

ಅಲ್ಲಿ ನಡೆದದ್ದೇನೆಂದು ನೋಡೋಣ. ಸಫೊಕ್ ಪ್ರಾಂತ್ಯದಲ್ಲಿ ಎಡಿತ್ ಪ್ರೆಟಿ ಎಂಬ ವಿಧವೆಯ ಜಮೀನಿನಲ್ಲಿ ಹಳೆಯ ದಿಬ್ಬಗಳಿದ್ದವು. ಆಕೆ ಬೇಸಿಲ್ ಬ್ರೌನ್ ಎಂಬುವನನ್ನು ಅಗೆಯಲು ಕರೆಸಿದಳು. ಹೆಚ್ಚು ಶಾಲೆ ಕಲಿತವನಲ್ಲ, ಆದರೆ ಆ ಸೀಮೆಯ ಮಣ್ಣು ಬಲ್ಲವನು. 1939ರ ಬೇಸಿಗೆಯಲ್ಲಿ ಅವನಿಗೆ ಮೊದಲು ಸಿಕ್ಕಿದ್ದು ತುಕ್ಕು ಹಿಡಿದ ಕಬ್ಬಿಣದ ಮೊಳೆ. ಬೇರೆಯವರಾಗಿದ್ದರೆ ಕಿತ್ತು ಬಿಸಾಡುತ್ತಿದ್ದರು. ಅವನು ಅದನ್ನು ಇದ್ದಲ್ಲೇ ಬಿಟ್ಟು ಮುಂದಿನದನ್ನು ಹುಡುಕಿದ. ಮೊಳೆಗಳ ಸಾಲು ಬಾಗುತ್ತ ಹೋಗಿ ಸುಮಾರು 27 ಮೀಟರ್ ಉದ್ದದ ಹಡಗಿನ ಆಕಾರ ತಾಳಿತು. ಹುಳಿ ಮಣ್ಣಿನಲ್ಲಿ ಹಲಗೆ ಪೂರ್ತಿ ಕರಗಿಹೋಗಿತ್ತು. ಉಳಿದದ್ದು ಮರಳಿನಲ್ಲಿ ಮೂಡಿದ ಅಚ್ಚು ಮತ್ತು ಮೊಳೆಗಳು. ಆಮೇಲೆ ಕೇಂಬ್ರಿಜಿನ ವಿದ್ವಾಂಸರು ಬಂದು ಕೆಲಸವನ್ನು ಕೈಗೆ ತೆಗೆದುಕೊಂಡರು, ಬಂಗಾರವೂ ಹೊರಬಂತು: ಬಕಲ್ಲು, ಹೆಗಲಿಗೆ ತೊಡುವ ಕೊಂಡಿಗಳು, ಕೆಂಪು ಹರಳು ಕೂರಿಸಿದ ಹಣದ ಚೀಲದ ಮುಚ್ಚಳ, 37 ಚಿನ್ನದ ನಾಣ್ಯ. 7ನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ರೆಡ್ವಾಲ್ಡ್ ರಾಜನ ಗೋರಿ ಅದಾಗಿರಬಹುದೆಂದು ಬಹಳ ವಿದ್ವಾಂಸರು ಹೇಳುತ್ತಾರೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಅದೇ ದಿಬ್ಬಕ್ಕೆ ಶತಮಾನಗಳ ಹಿಂದೆಯೇ ನಿಧಿಗಳ್ಳರು ಗುಂಡಿ ತೋಡಿದ್ದರು. ದಿಬ್ಬದ ಒಂದು ಬದಿ ಸವೆದುಹೋಗಿದ್ದರಿಂದ ಅವರು ನಡು ಎಂದು ತಿಳಿದ ಜಾಗ ನಿಜವಾದ ನಡುವಾಗಿರಲಿಲ್ಲ. ಗೋರಿಯ ಕೋಣೆ ತಪ್ಪಿಹೋಯಿತು, ಬರಿಗೈಯಲ್ಲಿ ಹೋದರು. ಅವರ ಗುರಿ ತಪ್ಪದಿದ್ದರೆ ಬಂಗಾರ ಅಂದೇ ಕರಗಿ ಹೋಗುತ್ತಿತ್ತು. ಇಂದು ಯಾರೂ ಸಟನ್ ಹೂ ಎಂಬ ಹೆಸರನ್ನು ಕೇಳುತ್ತಿರಲಿಲ್ಲ. ಒಂದೇ ದಿಬ್ಬ, ಒಂದೇ ಬಂಗಾರ. ಕಳ್ಳರ ಕೈಗೆ ಸಿಕ್ಕಿದ್ದರೆ ಅದು ತೂಕ, ಬ್ರೌನನ ಕೈಗೆ ಸಿಕ್ಕಿದ್ದರಿಂದ ಇತಿಹಾಸ.

1939ರ ಆಗಸ್ಟಿನಲ್ಲಿ ಊರಿನವರನ್ನೇ ಪಂಚರನ್ನಾಗಿ ಕೂರಿಸಿ ವಿಚಾರಣೆ ನಡೆಸಿದರು. ಮರಳಿ ತೆಗೆಯುವ ಉದ್ದೇಶದಿಂದ ಬಚ್ಚಿಟ್ಟ ನಿಧಿ ಇದಲ್ಲ, ಸತ್ತವನೊಡನೆ ಎಲ್ಲರೆದುರು ಹೂಳಿದ್ದು, ಆದ್ದರಿಂದ ಜಮೀನಿನ ಒಡತಿಗೇ ಸೇರಬೇಕು ಎಂದು ಪಂಚರು ಹೇಳಿದರು. ಆಕೆ ಎಲ್ಲವನ್ನೂ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟಳು. ಜನರ ಮೋಹ ಹುಟ್ಟಿದ್ದು ಈ ಕಥೆಯೊಳಗಿಂದ. ನೂರಾರು ಚೂರಾಗಿ ಸಿಕ್ಕ ಶಿರಸ್ತ್ರಾಣವನ್ನು ಒಂದು ಸಲ ಜೋಡಿಸಿ, ತಪ್ಪೆಂದು ಕಂಡ ಮೇಲೆ ಬಿಚ್ಚಿ, 1971ರ ಹೊತ್ತಿಗೆ ಮತ್ತೆ ಜೋಡಿಸಿದರು. ಆ ಸಹನೆಯೂ ಕಥೆಯ ಭಾಗವೇ.

ಈಗ ನಮ್ಮ ಮಣ್ಣಿಗೆ ಬರೋಣ. ಶಹಾಪುರ, ಸುರಪುರ, ಹುಣಸಗಿ ಸೀಮೆಯಲ್ಲಿ ಸಟನ್ ಹೂವಿಗಿಂತ ಸಾವಿರ ವರ್ಷ, ಕೆಲವೆಡೆ ಅದಕ್ಕಿಂತಲೂ ಹಳೆಯ ಗೋರಿಗಳಿವೆ. ಅವನ್ನು ಮೊದಲು ಅಗೆದು ಬರೆದವನು ಫಿಲಿಪ್ ಮೆಡೋಸ್ ಟೇಲರ್. ‘ಕನ್ಫೆಶನ್ಸ್ ಆಫ್ ಎ ಥಗ್’ ಕಾದಂಬರಿ ಬರೆದು ಲಂಡನ್ನಿನಲ್ಲಿ ಹೆಸರು ಮಾಡಿದ ಈ ನಿಜಾಮನ ನೌಕರ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಸುರಪುರದ ಗುಡ್ಡದ ಮೇಲಿನ ಅವನ ಬಂಗಲೆ ಇಂದಿಗೂ ಟೇಲರ್ ಮಂಜಿಲ್.

ಟೇಲರ್ ಕಚೇರಿ ಕೆಲಸದ ನಡುವೆ ರಾಜನಕೋಳೂರಿನ ಕಲ್ಲುಮನೆಗಳನ್ನೂ ಜೇವರ್ಗಿಯ ಕಲ್ಲುಗುಪ್ಪೆಗಳನ್ನೂ ತೆರೆದು ನೋಡಿದ. ರಾಜನಕೋಳೂರಿನಲ್ಲಿ ಮೂರು ಬದಿಗೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಭಾರಿ ಮುಚ್ಚಳಗಲ್ಲು. ಕೆಲವಕ್ಕೆ ನಾಲ್ಕನೆಯ ಚಪ್ಪಡಿಯೂ ಇದ್ದು ಅದರಲ್ಲಿ ದುಂಡನೆಯ ಕಿಂಡಿ. ಇವನ್ನು ಕಟ್ಟಿಕೊಂಡವರು ಮೋರ್ಯರೆಂಬ ಗಿಡ್ಡ ಜನ ಎಂದು ಊರವರು ಅವನಿಗೆ ಹೇಳಿದರು. ಜೇವರ್ಗಿಯ ಗೋರಿಗಳಲ್ಲಿ ಅಸ್ಥಿಪಂಜರ, ಮಡಿಕೆ, ಕಬ್ಬಿಣದ ಆಯುಧ ಸಿಕ್ಕವು. ಕೆಲವು ತಲೆಬುರುಡೆಗಳು ದೇಹದಿಂದ ಬೇರೆಯಾಗಿದ್ದವು. ಇದಿಷ್ಟಾದರೆ ಅವನೂ ಕುತೂಹಲದ ದೊರೆಗಳಲ್ಲಿ ಒಬ್ಬನಾಗುತ್ತಿದ್ದ. ಆದರೆ ಅವನು ಗೋರಿಯನ್ನು ನಿಲುವಾಗಿ ಕತ್ತರಿಸಿದಂತೆ ಚಿತ್ರ ಬರೆದ. ಮೇಲೆ ಕಲ್ಲುಗಳ ರಾಶಿ, ಅದರ ಕೆಳಗೆ ಮಣ್ಣು, ಇನ್ನೂ ಕೆಳಗೆ ಚಪ್ಪಡಿ, ತಳದಲ್ಲಿ ಎಲುಬು ಮತ್ತು ಮಡಿಕೆ. ಯಾವುದು ಯಾವುದರ ಮೇಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಯುರೋಪಿನಲ್ಲಿಯೇ ಆಗ ಬಹಳ ಮಂದಿ ದಿಬ್ಬ ಬಗೆದು ಒಡವೆ ಹೆಕ್ಕುತ್ತಿದ್ದರು. ನೂರು ವರ್ಷದ ಮೇಲೆ ಪುರಾತತ್ವದ ಶಿಸ್ತುಗಾರ ಮಾರ್ಟಿಮರ್ ವೀಲರ್ ಟೇಲರನ ಈ ಚಿತ್ರಗಳನ್ನು ಹೊಗಳಿದ. ಅಂದರೆ ಬ್ರೌನ್ 1939ರಲ್ಲಿ ತೋರಿದ ಎಚ್ಚರದ ಒಂದು ಮಾದರಿ ಅದಕ್ಕೂ ಎಂಬತ್ತು-ತೊಂಬತ್ತು ವರ್ಷ ಮೊದಲೇ ನಮ್ಮ ಭೀಮಾ ಸೀಮೆಯಲ್ಲಿ ಕಾಣಿಸಿತ್ತು.

ಹಾಗಾದರೆ ತಪ್ಪಿದ್ದೆಲ್ಲಿ? ಟೇಲರನ ಬರಹ ಅಚ್ಚಾದದ್ದು ಮುಂಬಯಿಯಲ್ಲಿ, ಆಮೇಲೆ ಡಬ್ಲಿನ್ನಿನಲ್ಲಿ, ಎರಡೂ ಕಡೆ ಇಂಗ್ಲಿಷಿನಲ್ಲಿ. ಇವು ಐರ್ಲೆಂಡಿನ ಗೋರಿಗಳಂತಿವೆ, ಕೆಲ್ಟರದೋ ಸಿಥಿಯನ್ನರದೋ ಇರಬೇಕು ಎಂದು ಅವನು ಊಹಿಸಿದ. ಆ ಊಹೆಯನ್ನು ಮುಂದಿನ ಸಂಶೋಧನೆ ಒಪ್ಪಲಿಲ್ಲ. ಕಬ್ಬಿಣ ಬಳಸಿ, ಬೇಸಾಯ ಮಾಡಿ, ದನ ಕಟ್ಟಿ ಬದುಕಿದ ದಖ್ಖನ್ನಿನ ಜನರೇ ಅವನ್ನು ಕಟ್ಟಿದರು. ಆದರೆ ಈ ತಿದ್ದುಪಡಿಯೂ ಇಂಗ್ಲಿಷ್ ಜರ್ನಲ್ಲುಗಳಲ್ಲಿಯೇ ಉಳಿಯಿತು. ಊರಲ್ಲಿ ಉಳಿದದ್ದು ಮೋರ್ಯರ ಕಥೆ ಒಂದೇ. ಕೇಳುವ ಕಿವಿ ಇಲ್ಲದ ಊರಿನಲ್ಲಿ ಕಥೆ ತಲೆಮಾರು ದಾಟುವುದಿಲ್ಲ. ಗೋರಿ ಯಾರದೆಂಬ ಪ್ರಶ್ನೆ ಜನರಿಗಿತ್ತು, ಉತ್ತರ ಹೇಳಬೇಕಾದವರು ಹೇಳಲಿಲ್ಲ.

ಮಡಿಕೆ ಚೂರನ್ನೇ ತೆಗೆದುಕೊಳ್ಳಿ. ಈ ಗೋರಿಗಳ ಮಡಿಕೆಗೆ ಒಳಮೈಯೂ ಬಾಯಂಚೂ ಕಪ್ಪು, ಹೊರಮೈಯ ಕೆಳಭಾಗ ಕೆಂಪು. ಎರಡು ಬಣ್ಣ ಬಳಿದದ್ದಲ್ಲ. ಸುಡುವಾಗ ಬೋರಲು ಹಾಕಿದರೆ ಗಾಳಿ ತಾಗದ ಒಳಭಾಗ ಕಪ್ಪಾಗುತ್ತದೆ, ಗಾಳಿಯಾಡುವ ಹೊರಭಾಗ ಕೆಂಪಾಗುತ್ತದೆ. ಮೇಲ್ಮೈಯನ್ನು ನುಣುಪಾಗಿ ಉಜ್ಜಿ ಹೊಳಪು ಕೊಟ್ಟಿರುತ್ತಾರೆ. ಬೆಂಕಿಗೆ ಎಷ್ಟು ಗಾಳಿ ಕೊಡಬೇಕೆಂದು ಬಲ್ಲ ಕುಂಬಾರನ ಲೆಕ್ಕ ಆ ಚೂರಿನಲ್ಲಿದೆ. ಇಷ್ಟನ್ನು ಎಂಟನೆಯ ತರಗತಿಯ ಹುಡುಗಿಯ ಕೈಗೆ ಚೂರು ಕೊಟ್ಟು ಹೇಳಿ ನೋಡಿ, ಅದನ್ನು ಅವಳು ಬಿಸಾಡುವುದಿಲ್ಲ.

ಮಡಿಕೆಗಿಂತ ಹಳೆಯದೂ ಇಲ್ಲಿದೆ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಕೆ. ಪದ್ದಯ್ಯನವರ ತಂಡ ಅಗೆದ ಶಿಲಾಯುಗದ ನೆಲೆಗೆ ಸುಮಾರು 12 ಲಕ್ಷ ವರ್ಷವೆಂದು ಕಾಲ ಕಟ್ಟಿದ್ದಾರೆ. ಆದಿಮಾನವರು ಅಲ್ಲೇ ಸುಣ್ಣಗಲ್ಲಿನ ಹಲ್ಲೆಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದರು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬಯಲಿಗೆ ಉರುಳಿಸಿ ತಂದು ಸಾಲು ಹಿಡಿದು ಇಟ್ಟ ಗುಂಡುಗಳಿವೆ. ಖಗೋಳವಿಜ್ಞಾನಿ ಎನ್. ಕಾಮೇಶ್ವರ ರಾವ್ 1993ರಲ್ಲಿ ಆ ಸಾಲುಗಳನ್ನು ಅಳೆದು, ಅವಕ್ಕೂ ಸೂರ್ಯ ಹುಟ್ಟಿ ಮುಳುಗುವ ದಿಕ್ಕುಗಳಿಗೂ ಸಂಬಂಧವಿದೆ ಎಂದು ವಾದಿಸಿದರು. ಇಷ್ಟೆಲ್ಲ ಅನ್ಯಗ್ರಹದವರ ಕೆಲಸ ಎನ್ನುವ ವಾಟ್ಸಾಪ್ ಪಂಡಿತರಿಗೆ ನಾನು ಉತ್ತರ ಕೊಡುವುದಿಲ್ಲ.

ಉತ್ತರ ಕೊಡಲೇಬೇಕಾದ ಆಕ್ಷೇಪಗಳು ಬೇರೆ ಇವೆ. ಬಂಗಾರವನ್ನು ಕಂಡು ಜನ ಬೆರಗಾದರೆ ಅದರಲ್ಲಿ ಕೀಳೇನು ಎಂದು ಕೇಳಬಹುದು. ಕೀಳೇನಿಲ್ಲ. ಸಟನ್ ಹೂವಿನ ಹೆಗಲ ಕೊಂಡಿಯಲ್ಲಿ ಕೆಂಪು ಹರಳನ್ನು ಚಿನ್ನದ ತೆಳು ಗೋಡೆಗಳ ನಡುವೆ ಕೂರಿಸಿದ ನಾಜೂಕು ಇಂದಿನ ಅಕ್ಕಸಾಲಿಗನಿಗೂ ಸವಾಲು. ಆ ಕಾಲದ ಯುರೋಪಿಗೆ ಇಂಥ ಹರಳುಗಳು ಭಾರತ, ಲಂಕೆಗಳಿಂದಲೂ ಹೋಗುತ್ತಿದ್ದವೆಂದು ಪರೀಕ್ಷೆಗಳು ಹೇಳುತ್ತವೆ. ಅದೇ ಗೋರಿಯಲ್ಲಿ ಬೈಜಾಂಟಿಯಮ್ಮಿನ ಬೆಳ್ಳಿಯೂ ಇದೆ, ಫ್ರಾನ್ಸಿನ ಕಡೆಯ ನಾಣ್ಯವೂ ಇದೆ. ಚೆಲುವಿಗೆ ಸೋಲುವುದು ಅಪರಾಧವಲ್ಲ. ಬೆರಗು ತೂಕ ಕೇಳಿ ಅಲ್ಲಿಗೇ ನಿಂತರೆ ಮಾತ್ರ ನನ್ನ ತಕರಾರು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಭೀಮರಾಯನಗುಡಿ ಬೆಳೆದದ್ದೇ ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ಯಾಂಪಾಗಿ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂಬುದು ಇಲ್ಲಿ ಎಲ್ಲಕ್ಕಿಂತ ದೊಡ್ಡ ಸುದ್ದಿ. ಹೊಲದಲ್ಲಿ ಹಳೆಯ ಕಲ್ಲು ಬಿದ್ದಿರುವ ರೈತ ಕೇಳುತ್ತಾನೆ: ಈ ಗೋರಿಯಿಂದ ನನಗೇನು? ಕೇಂದ್ರದ ರಕ್ಷಣೆ ಬಂದರೆ ಸುತ್ತ 100 ಮೀಟರ್ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೂ ಅನುಮತಿ ಬೇಕು. ನಷ್ಟವೆಲ್ಲ ಅವನದು, ಹೆಮ್ಮೆಯೆಲ್ಲ ನಮ್ಮದು. ಈ ಪ್ರಶ್ನೆಗೆ ಭಾಷಣದಿಂದ ಉತ್ತರ ಸಿಗದು. ಇಂಗ್ಲೆಂಡ್ ಇದಕ್ಕೆ ಕಾನೂನಿನಲ್ಲಿಯೇ ದಾರಿ ಮಾಡಿತು. 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಆಂಗ್ಲೋ-ಸ್ಯಾಕ್ಸನ್ ಬಂಗಾರ ಸಿಕ್ಕಾಗ 32 ಲಕ್ಷ 85 ಸಾವಿರ ಪೌಂಡ್ ಬೆಲೆ ಕಟ್ಟಿ, ಹುಡುಕಿದವನಿಗೂ ಹೊಲದವನಿಗೂ ಹಂಚಿದರು. ಸಿಕ್ಕಿದ್ದನ್ನು ಹೇಳಿದವನಿಗೆ ನಷ್ಟವಿಲ್ಲ ಎಂದಾದಾಗ ಜನ ಹೇಳುತ್ತಾರೆ. ನೀರಾವರಿಗೂ ಗೋರಿಗೂ ವೈರವೂ ಇಲ್ಲ. ಕಾಲುವೆಯ ನಕ್ಷೆ ಬರೆಯುವಾಗಲೇ ಹಳೆಯ ನೆಲೆಗಳನ್ನು ಗುರುತು ಹಾಕಿಕೊಂಡರೆ ಮುಗಿಯಿತು. ಅದಕ್ಕೆ ಬೇಕಾದ ಎಂಜಿನಿಯರುಗಳು ಇದೇ ಊರಲ್ಲಿದ್ದಾರೆ.

ನಿಜವಾಗಿ ಗೋರಿಗೆ ವೈರಿಗಳಾಗಿರುವವರು ನಿಧಿಗಳ್ಳರು. ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು, ಕುಂಕುಮ, ಹಾರೆ ಹಿಡಿದು ಹೋಗುವುದು, ಗರ್ಭಗುಡಿ ಅಗೆಯುವುದು, ಬಸವಣ್ಣನ ಮೂರ್ತಿಯ ಹೊಟ್ಟೆ ಒಡೆಯುವುದು, ಇಂಥ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಅವರು ಒಡೆದ ಗೋರಿಯಲ್ಲಿ ಬಂಗಾರ ಇರಲೇ ಇಲ್ಲ. ಇದ್ದದ್ದು ಯಾವುದರ ಪಕ್ಕ ಯಾವುದಿತ್ತು ಎಂಬ ಜೋಡಣೆ. ಅದು ಒಮ್ಮೆ ಕದಡಿದರೆ ಸರಕಾರ, ವಿಜ್ಞಾನ, ದೇವರು ಯಾರೂ ಅದನ್ನು ಮರಳಿ ತರಲಾರರು. ಅವರನ್ನು ಮೂಢರೆಂದು ನಕ್ಕು ಬಿಡುವುದು ಸುಲಭ. ಆದರೆ ಅವರಿಗೆ ಆ ಪಾಠ ಕಲಿಸಿದವರು ಯಾರು? 1878ರ ಬ್ರಿಟಿಷರ ನಿಧಿ ಕಾಯ್ದೆಯೇ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆ ಬಾಳುವುದು ಸಿಕ್ಕರೆ ಕಲೆಕ್ಟರಿಗೆ ತಿಳಿಸಿ ಎಂದಿತು. ಹತ್ತು ರೂಪಾಯಿ ಬಾಳದ ಮಡಿಕೆಯ ಪಾಡೇನು? ಭೂಮಿಯೊಳಗಿನದನ್ನು ರೂಪಾಯಿಯಲ್ಲಿ ಅಳೆಯುವ ಚಾಳಿ ಸರಕಾರದಿಂದಲೇ ಶುರುವಾಯಿತು. ಗುಂಡಿ ತೋಡುವವನು ಅದನ್ನು ಕತ್ತಲಲ್ಲಿ ಮುಂದುವರಿಸಿದ್ದಾನೆ.

ಇನ್ನು ನಮ್ಮ ಮಂದಿಗೆ ಇತಿಹಾಸ ಪ್ರಜ್ಞೆ ಇಲ್ಲ ಎಂಬ ಮಾತು. ಭೀಮಾ ದಂಡೆಯ ಸನ್ನತಿ–ಕನಗನಹಳ್ಳಿಗೆ ಹೋಗಿ ನೋಡಿ. ಅಲ್ಲಿ ಸಿಕ್ಕಿದ್ದು ಒಡೆದ ಸ್ತೂಪ, ಸುಣ್ಣಗಲ್ಲಿನ ಫಲಕಗಳು. ಒಂದು ಫಲಕದ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂದು ಹೆಸರು ಕೊರೆದ ಅಶೋಕನ ಶಿಲ್ಪವಿದೆ. ಆ ಕಲ್ಲನ್ನು ನೋಡಲು ದೂರದ ಊರುಗಳಿಂದ ಬೌದ್ಧರು, ಅಂಬೇಡ್ಕರ್ ಅನುಯಾಯಿಗಳು, ಶಾಲೆಯ ಮಕ್ಕಳು ಬರುತ್ತಾರೆ. ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಸಿಕ್ಕಿದ್ದು ಅಶೋಕನ ಹೆಸರಿರುವ ಬಂಡೆ. ಅವನು ಹುಡುಕಿದ ಚಿನ್ನದ ವಿಚಾರ ಯಾರಿಗೂ ನೆನಪಿಲ್ಲ, ಬಂಡೆಯ ವಿಚಾರ ಪಠ್ಯಪುಸ್ತಕದಲ್ಲಿದೆ. ಯಾರದು, ಯಾಕೆ, ಯಾವ ಕಾಲದ್ದು ಎಂದು ತಿಳಿದಲ್ಲಿ ಜನ ಬರಿಗಲ್ಲಿಗೂ ಕೈಮುಗಿದಿದ್ದಾರೆ. ತಿಳಿಯದಲ್ಲಿ ಅದೇ ಕಲ್ಲನ್ನು ಬದುವಿಗೆ ಹಾಕಿದ್ದಾರೆ. ಎರಡೂ ಕಡೆ ಜನ ಒಂದೇ.

ಆದ್ದರಿಂದ ಕೆಲಸ ಇರುವುದು ಹೇಳಬಲ್ಲವರ ಮೇಲೆ. ಟೇಲರನ ಚಿತ್ರಗಳು, ಪದ್ದಯ್ಯನವರ ಇಸಾಂಪುರ, ವಿಭೂತಿಹಳ್ಳಿಯ ಸಾಲುಗಳು, ಇವನ್ನೆಲ್ಲ ಸೇರಿಸಿ ಸರಳ ಕನ್ನಡದಲ್ಲಿ ಒಂದು ಚಿಕ್ಕ ಪುಸ್ತಕ ಮಾಡಿ ಶಹಾಪುರ, ಸುರಪುರ, ಹುಣಸಗಿ ತಾಲ್ಲೂಕುಗಳ ಪ್ರತಿ ಶಾಲೆಗೂ ಕೊಡುವುದು ಜಿಲ್ಲಾ ಪಂಚಾಯಿತಿಗೆ ಭಾರವಲ್ಲ. ಪ್ರತಿ ನೆಲೆಯ ಬಳಿಯೂ ‘ಅಪ್ಪಣೆಯಿಲ್ಲದೆ ಪ್ರವೇಶಿಸಬಾರದು’ ಎಂಬುದಕ್ಕಿಂತ ದೊಡ್ಡ ಅಕ್ಷರದಲ್ಲಿ, ಇಲ್ಲಿ ಯಾರು ಮಲಗಿದ್ದಾರೆ, ಹೇಗೆ ಬದುಕಿದ್ದರು ಎಂದು ಬರೆಸಬೇಕು. ಶಿಕ್ಷಕರು ಶೈಕ್ಷಣಿಕ ಪ್ರವಾಸಕ್ಕೆ ಹಂಪಿ, ವಿಜಯಪುರ ಎನ್ನುವ ಮೊದಲು ಒಂದು ದಿನ ಮಕ್ಕಳನ್ನು ರಾಜನಕೋಳೂರಿಗೆ ಕರೆದುಕೊಂಡು ಹೋಗಲಿ. ಇಷ್ಟನ್ನೂ ಮಾಡದವರಿಗೆ ನಮ್ಮ ಮಂದಿಯ ಇತಿಹಾಸ ಪ್ರಜ್ಞೆಯ ಬಗ್ಗೆ ಮಾತಾಡುವ ಹಕ್ಕಿಲ್ಲ.