ಡಾಕ್ಟರಾಗದ ಹುಡುಗಿ ಮಾಡಿಸಿದ ಕಾನೂನು

ಹುಡುಗಿ ಜಾಣೆ. ಓದಬೇಕೆಂಬ ಆಸೆಯಿದೆ, ಓದಿಸುವ ತಂದೆತಾಯಿಯೂ ಇದ್ದಾರೆ. ಆದರೂ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಗುವುದಿಲ್ಲ. ಆಕೆ ಹೆಣ್ಣು ಎಂಬುದೇ ಅಡ್ಡಿ. ಇದು ನಡೆದದ್ದು ಅಮೆರಿಕದಲ್ಲಿ, 1948ರ ಸುಮಾರಿಗೆ. ಸುಮಾರು ಕಾಲು ಶತಮಾನದ ನಂತರ, ಮುಂದೆ ಯಾವ ಹುಡುಗಿಗೂ ಇಂಥ ಗತಿ ಬರಬಾರದೆಂದು ಅದೇ ದೇಶದ ಸಂಸತ್ತು ಒಂದು ಕಾನೂನು ಮಾಡಿತು. ಅದಕ್ಕಾಗಿ ದುಡಿದವರ ಸಾಲಿನಲ್ಲಿ ಮುಂದೆ ನಿಂತವಳು ಅದೇ ಹುಡುಗಿ. ಹೆಸರು ಪ್ಯಾಟ್ಸಿ ಮಿಂಕ್.

ಪ್ಯಾಟ್ಸಿ ಮಟ್ಸು ಟಕೆಮೊಟೊ ಹುಟ್ಟಿದ್ದು 1927ರ ಡಿಸೆಂಬರ್ 6ರಂದು, ಹವಾಯಿಯ ಮಾವಿ ದ್ವೀಪದಲ್ಲಿ. ಜಪಾನಿನಿಂದ ಅಲ್ಲಿನ ಕಬ್ಬಿನ ತೋಟಗಳಿಗೆ ದುಡಿಯಲು ಬಂದವರ ಮೊಮ್ಮಗಳು ಆಕೆ. ತಂದೆ ಸಿವಿಲ್ ಎಂಜಿನಿಯರಿಂಗ್ ಓದಿ, ತೋಟದ ಕಂಪನಿಯಲ್ಲಿ ಭೂಮಾಪಕರಾಗಿದ್ದರು. ಅಷ್ಟು ಓದಿದ್ದರೂ ಬಡ್ತಿಯ ಸಮಯ ಬಂದಾಗ ಬಿಳಿಯರೇ ಅವರನ್ನು ದಾಟಿ ಮುಂದೆ ಹೋಗುತ್ತಿದ್ದರು. ಮನೆಯಲ್ಲಿ ಕಂಡ ಈ ಅನ್ಯಾಯ ಮಗಳ ಮನಸ್ಸಿನಲ್ಲಿ ಉಳಿಯಿತು.

ಹದಿನಾಲ್ಕನೆಯ ಹುಟ್ಟುಹಬ್ಬದ ಮರುದಿನವೇ, 1941ರ ಡಿಸೆಂಬರ್ 7ರಂದು, ಜಪಾನಿನ ವಿಮಾನಗಳು ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಬಾಂಬು ಸುರಿದವು. ಜಪಾನೀ ಮೂಲದವರೆಲ್ಲ ಒಂದೇ ದಿನದಲ್ಲಿ ಸಂಶಯದ ವ್ಯಕ್ತಿಗಳಾದರು. ತಂದೆಯನ್ನೂ ವಿಚಾರಣೆಗೆ ಕರೆದೊಯ್ದು ಬಿಟ್ಟರು. ಇಂಥ ಕಾಲದಲ್ಲೂ ಮಾವಿ ಹೈಸ್ಕೂಲಿನ ವಿದ್ಯಾರ್ಥಿಗಳು ಪ್ಯಾಟ್ಸಿಯನ್ನೇ ತಮ್ಮ ಸಂಘದ ಅಧ್ಯಕ್ಷೆಯನ್ನಾಗಿ ಆರಿಸಿದರು. ಆ ಸ್ಥಾನಕ್ಕೇರಿದ ಮೊದಲ ಹುಡುಗಿ ಆಕೆ. 1944ರಲ್ಲಿ ತರಗತಿಗೇ ಮೊದಲಿಗಳಾಗಿ ಹೈಸ್ಕೂಲು ಮುಗಿಸಿದಳು.

ಚಿಕ್ಕಂದಿನಿಂದಲೂ ಡಾಕ್ಟರಾಗುವ ಕನಸು. ಕಾಲೇಜು ಓದಿಗೆಂದು ನೆಬ್ರಾಸ್ಕಾ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿ ಬಿಳಿಯರಿಗೊಂದು, ಉಳಿದವರಿಗೊಂದು ಹಾಸ್ಟೆಲ್ ಇದ್ದದ್ದು ಕಂಡಿತು. ಪ್ಯಾಟ್ಸಿ ಸಹಪಾಠಿಗಳನ್ನು ಸೇರಿಸಿ, ಪತ್ರ ಬರೆದು ಪ್ರತಿಭಟಿಸಿದಳು. ವಿಶ್ವವಿದ್ಯಾಲಯ ಆ ಪದ್ಧತಿಯನ್ನು ಕೈಬಿಟ್ಟಿತು. ಅಷ್ಟರಲ್ಲಿ ಥೈರಾಯ್ಡ್ ಕಾಯಿಲೆ ಕಾಡಿದ್ದರಿಂದ ಊರಿಗೆ ಮರಳಿ, 1948ರಲ್ಲಿ ಹವಾಯಿ ವಿಶ್ವವಿದ್ಯಾಲಯದಿಂದಲೇ ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಪದವಿ ಪಡೆದಳು. ನಂತರ ಹಲವಾರು ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕಿದಳು. ಒಂದೇ ಒಂದು ಕಾಲೇಜೂ ಸೀಟು ಕೊಡಲಿಲ್ಲ. ಆ ದಿನಗಳಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜುಗಳು ಹೆಣ್ಣುಮಕ್ಕಳನ್ನು ಬೆರಳೆಣಿಕೆಯಷ್ಟು ಮಾತ್ರ ಸೇರಿಸಿಕೊಳ್ಳುತ್ತಿದ್ದವು.

ಕನಸು ಕೈಗೂಡದಿದ್ದಾಗ ಕಾನೂನಿನ ಕಡೆ ತಿರುಗಿದಳು. ಷಿಕಾಗೋ ವಿಶ್ವವಿದ್ಯಾಲಯ ಸೀಟನ್ನೇನೋ ಕೊಟ್ಟಿತು, ಆದರೆ ವಿದೇಶಿ ವಿದ್ಯಾರ್ಥಿಗಳ ಲೆಕ್ಕದಲ್ಲಿ! ಹವಾಯಿ 1898ರಿಂದಲೂ ಅಮೆರಿಕಕ್ಕೇ ಸೇರಿತ್ತೆಂಬುದು ಅಲ್ಲಿ ಯಾರಿಗೂ ಹೊಳೆದಂತಿಲ್ಲ. 1951ರಲ್ಲಿ ಪದವಿ ಬಂತು. ಅದೇ ವರ್ಷ ಭೂವಿಜ್ಞಾನದ ವಿದ್ಯಾರ್ಥಿ ಜಾನ್ ಮಿಂಕ್ ಜೊತೆ ಮದುವೆಯಾಯಿತು. ಮರುವರ್ಷ ಮಗಳು ಗ್ವೆಂಡೊಲಿನ್ ಹುಟ್ಟಿದಳು.

ಪದವಿಯಿದ್ದರೂ ಕೆಲಸ ಸಿಗಲಿಲ್ಲ. ಮದುವೆಯಾದ, ಮಗುವಿನ ತಾಯಿಯಾದ, ಏಷ್ಯಾ ಮೂಲದ ಹೆಂಗಸನ್ನು ವಕೀಲರ ಕಚೇರಿಗಳು ಬೇಡವೆಂದವು. ಹವಾಯಿಗೆ ಹಿಂದಿರುಗಿದರೆ ಇನ್ನೊಂದು ತೊಡಕು. ಗಂಡ ಹೊರಗಿನವನು, ಹೆಂಡತಿಯ ಊರು ಗಂಡನ ಊರೇ, ಆದ್ದರಿಂದ ಈಕೆ ಹವಾಯಿಯವಳಲ್ಲ, ವಕೀಲಿ ಪರೀಕ್ಷೆಗೆ ಕೂರುವಂತಿಲ್ಲ ಎಂದಿತು ಅಲ್ಲಿನ ನಿಯಮ. ಹುಟ್ಟಿ ಬೆಳೆದ ನೆಲದಲ್ಲೇ ಪರಕೀಯಳು! ಪ್ಯಾಟ್ಸಿ ಈ ನಿಯಮವನ್ನು ಪ್ರಶ್ನಿಸಿ, ಪರೀಕ್ಷೆ ಬರೆದು ಗೆದ್ದಳು. 1953ರಲ್ಲಿ ಹವಾಯಿಯಲ್ಲಿ ವಕೀಲಿ ಮಾಡಿದ ಜಪಾನೀ ಮೂಲದ ಮೊದಲ ಮಹಿಳೆ ಎನಿಸಿದಳು. ಆಗಲೂ ಯಾರೂ ಕೆಲಸ ಕೊಡದಿದ್ದಾಗ ತಂದೆಯ ನೆರವಿನಿಂದ ಸ್ವಂತ ಕಚೇರಿ ತೆರೆದಳು.

ಅಲ್ಲಿಂದ ರಾಜಕೀಯ. 1956ರಲ್ಲಿ ಹವಾಯಿಯ ಶಾಸನಸಭೆಗೆ ಆಯ್ಕೆ, 1958ರಲ್ಲಿ ಅಲ್ಲಿನ ಸೆನೆಟ್‌ಗೆ. 1959ರಲ್ಲಿ ಹವಾಯಿ ರಾಜ್ಯವಾದಾಗ ಸಂಸತ್ತಿಗೆ ಹೋಗಲು ಸ್ಪರ್ಧಿಸಿ ಡೇನಿಯಲ್ ಇನೌಯೆ ಎದುರು ಸೋತರು. 1964ರಲ್ಲಿ ಮತ್ತೆ ನಿಂತು ಗೆದ್ದರು. ಅಮೆರಿಕದ ಪ್ರತಿನಿಧಿ ಸಭೆಗೆ ಬಂದ ಬಿಳಿಯರಲ್ಲದ ಮೊದಲ ಮಹಿಳೆ ಅವರೇ. ಪತಿ ಜಾನ್ ಜಲವಿಜ್ಞಾನಿಯಾಗಿದ್ದರೂ ಹೆಂಡತಿಯ ಚುನಾವಣೆಗಳ ಉಸ್ತುವಾರಿಯನ್ನು ತಾವೇ ನೋಡಿಕೊಂಡರು.

ಸಂಸತ್ತಿನಲ್ಲಿ ಅವರ ಗಮನವೆಲ್ಲ ಶಾಲೆ, ಮಕ್ಕಳು ಮತ್ತು ದುಡಿಯುವ ತಾಯಂದಿರ ಕಡೆಗಿತ್ತು. ಶಿಶುಪಾಲನಾ ಕೇಂದ್ರಗಳ ಮಸೂದೆಗಾಗಿ ವರ್ಷಗಟ್ಟಲೆ ದುಡಿದರು. 1971ರಲ್ಲಿ ಸಂಸತ್ತು ಅಂಥದೊಂದು ಮಸೂದೆಯನ್ನು ಒಪ್ಪಿತಾದರೂ ಅಧ್ಯಕ್ಷ ನಿಕ್ಸನ್ ಸಹಿ ಹಾಕಲಿಲ್ಲ. ಇದಕ್ಕೆ ಮುನ್ನ, 1970ರಲ್ಲಿ, ನಿಕ್ಸನ್ ಸುಪ್ರೀಂ ಕೋರ್ಟಿಗೆ ಸೂಚಿಸಿದ್ದ ನ್ಯಾಯಾಧೀಶ ಕಾರ್ಸ್‌ವೆಲ್ ವಿರುದ್ಧ ಸೆನೆಟ್ ಸಮಿತಿಯ ಮುಂದೆ ಪ್ಯಾಟ್ಸಿ ಸಾಕ್ಷ್ಯ ನುಡಿದಿದ್ದರು. ಚಿಕ್ಕ ಮಕ್ಕಳಿದ್ದಾರೆಂಬ ಕಾರಣಕ್ಕೆ ಕೆಲಸ ಸಿಗದ ತಾಯಿಯೊಬ್ಬಳ ಮೊಕದ್ದಮೆಯ ಮರುವಿಚಾರಣೆ ಬೇಡವೆಂದವರಲ್ಲಿ ಆ ನ್ಯಾಯಾಧೀಶರೂ ಇದ್ದರು. ಸೆನೆಟ್ 51–45 ಮತಗಳಿಂದ ಅವರ ಹೆಸರನ್ನು ತಳ್ಳಿಹಾಕಿತು.

ನಂತರ ಬಂದದ್ದು ‘ಟೈಟಲ್ ನೈನ್’, ಅಂದರೆ 1972ರ ಶಿಕ್ಷಣ ತಿದ್ದುಪಡಿ ಕಾಯಿದೆಯ ಒಂಬತ್ತನೆಯ ಭಾಗ. ಪ್ರತಿನಿಧಿ ಸಭೆಯಲ್ಲಿ ಎಡಿತ್ ಗ್ರೀನ್ ಮತ್ತು ಪ್ಯಾಟ್ಸಿ ಮಿಂಕ್, ಸೆನೆಟ್‌ನಲ್ಲಿ ಬರ್ಚ್ ಬೇ ಇದಕ್ಕೆ ಹೆಗಲು ಕೊಟ್ಟರು. ಜೂನ್ 23ರಂದು ನಿಕ್ಸನ್ ಸಹಿ ಹಾಕಿದರು. ಕಾನೂನಿನ ತಿರುಳು ಸರಳ: ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಲ್ಲೂ ಹೆಣ್ಣು-ಗಂಡೆಂಬ ಭೇದ ಮಾಡುವಂತಿಲ್ಲ. ಕೆಲವು ವಿನಾಯಿತಿಗಳಿದ್ದವು, ನಿಜ. ಪದವಿ ತರಗತಿಗಳ ಪ್ರವೇಶದಲ್ಲಿ ಖಾಸಗಿ ಕಾಲೇಜುಗಳನ್ನು ಹೊರಗಿಡಲಾಗಿತ್ತು. ಆದರೆ ವೈದ್ಯಕೀಯ ಮತ್ತು ಕಾನೂನು ಕಾಲೇಜುಗಳ ಪ್ರವೇಶ ಇದರ ವ್ಯಾಪ್ತಿಗೆ ಬಂತು. ಸರ್ಕಾರದ ಹಣ ಬೇಕೆಂದರೆ ಬಾಗಿಲು ತೆರೆಯಲೇಬೇಕಾಯಿತು.

ಕಾನೂನು ಮಾಡುವುದು ಒಂದು ಕಷ್ಟ, ಉಳಿಸಿಕೊಳ್ಳುವುದು ಇನ್ನೊಂದು. ಆಟದ ಮೈದಾನದಲ್ಲೂ ಹುಡುಗಿಯರಿಗೆ ಸಮಪಾಲು ಕೊಡಬೇಕಾಗುತ್ತದೆಂದು ತಿಳಿದಾಗ ವಿರೋಧ ಎದ್ದಿತು. 1975ರ ಜುಲೈನಲ್ಲಿ ಕಾನೂನನ್ನು ಸಡಿಲಗೊಳಿಸುವ ತಿದ್ದುಪಡಿ ಪ್ರತಿನಿಧಿ ಸಭೆಯ ಮುಂದೆ ಬಂತು. ಅದನ್ನು ಎದುರಿಸಲು ಪ್ಯಾಟ್ಸಿ ಸಿದ್ಧರಾಗಿದ್ದಾಗಲೇ ಮಗಳಿಗೆ ಕಾರು ಅಪಘಾತದಲ್ಲಿ ತೀವ್ರ ಪೆಟ್ಟಾಗಿದೆಯೆಂಬ ಸುದ್ದಿ ಬಂತು. ಅವರು ಎಲ್ಲ ಬಿಟ್ಟು ಮಗಳ ಬಳಿಗೆ ಧಾವಿಸಿದರು. ಇತ್ತ ಒಂದೇ ಒಂದು ಮತದಿಂದ ಅವರ ಪಕ್ಷ ಸೋತಿತು. ಅವರೇಕೆ ಇರಲಿಲ್ಲವೆಂಬುದು ಸದಸ್ಯರಿಗೆ ತಿಳಿದ ಮೇಲೆ ಮರುದಿನ ಮತ್ತೆ ಮತ ಹಾಕಲಾಯಿತು. ಈ ಸಲ 215–178ರಿಂದ ಕಾನೂನು ಉಳಿಯಿತು. ಮಗಳೂ ಉಳಿದಳು. ಮುಂದೆ ಆಕೆ ರಾಜ್ಯಶಾಸ್ತ್ರದ ಪ್ರಾಧ್ಯಾಪಕಿಯಾಗಿ, ತಾಯಿಯ ಜೀವನಚರಿತ್ರೆಯನ್ನೂ ಮತ್ತೊಬ್ಬರ ಜೊತೆ ಸೇರಿ ಬರೆದಳು.

ಪ್ಯಾಟ್ಸಿಯವರ ಹಾದಿಯಲ್ಲಿ ಗೆಲುವಿನಷ್ಟೇ ಸೋಲೂ ಇತ್ತು. ಅಲಾಸ್ಕಾದ ಅಂಚಿಟ್ಕಾ ದ್ವೀಪದಲ್ಲಿ ನಡೆಯಲಿದ್ದ ಅಣುಪರೀಕ್ಷೆಯ ವರದಿಗಳನ್ನು ಬಹಿರಂಗಪಡಿಸಬೇಕೆಂದು ಸರ್ಕಾರದ ಮೇಲೆ ಹೂಡಿದ ದಾವೆಯಲ್ಲಿ 1973ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪಿತ್ತಿತು. ಆದರೆ ಮರುವರ್ಷ ಸಂಸತ್ತು ಮಾಹಿತಿ ಕಾನೂನನ್ನೇ ಬದಲಿಸಿ, ಸರ್ಕಾರ ಗುಟ್ಟೆಂದು ಹೇಳಿದ ಕಾಗದವನ್ನು ನ್ಯಾಯಾಲಯ ಪರಿಶೀಲಿಸಲು ಅವಕಾಶ ಮಾಡಿತು. 1976ರಲ್ಲಿ ಸೆನೆಟ್ ಸ್ಥಾನಕ್ಕಾಗಿ ಪಕ್ಷದೊಳಗಿನ ಸ್ಪರ್ಧೆಯಲ್ಲಿ ಸೋತರು. 1986ರಲ್ಲಿ ಗವರ್ನರ್ ಆಗುವ ಪ್ರಯತ್ನವೂ ಫಲಿಸಲಿಲ್ಲ. ಸಂಸತ್ತಿನಲ್ಲಿದ್ದವರು ಹೊನೊಲುಲು ನಗರಸಭೆಯ ಸದಸ್ಯತ್ವವನ್ನು ಕೀಳೆಂದು ಭಾವಿಸದೆ ಅಲ್ಲೂ ದುಡಿದರು. 1990ರಲ್ಲಿ, ಅರವತ್ತೆರಡನೆಯ ವಯಸ್ಸಿನಲ್ಲಿ, ಮತ್ತೆ ಪ್ರತಿನಿಧಿ ಸಭೆಗೆ ಮರಳಿದರು.

2002ರ ಸೆಪ್ಟೆಂಬರ್ 28ರಂದು ನ್ಯುಮೋನಿಯಾದಿಂದ ತೀರಿಕೊಂಡಾಗ ಅವರಿನ್ನೂ ಸಂಸತ್ ಸದಸ್ಯೆ. ಮತಪತ್ರದಿಂದ ಹೆಸರು ತೆಗೆಯಲು ಸಮಯವಿರಲಿಲ್ಲ. ನವೆಂಬರಿನಲ್ಲಿ ಹವಾಯಿಯ ಮತದಾರರು, ಆಕೆ ಇಲ್ಲವೆಂದು ತಿಳಿದೂ, ಭಾರಿ ಬಹುಮತದಿಂದ ಅವರನ್ನೇ ಗೆಲ್ಲಿಸಿದರು. ಅದೇ ವರ್ಷ ಟೈಟಲ್ ನೈನ್‌ಗೆ ಅವರ ಹೆಸರಿಡಲಾಯಿತು. 2014ರಲ್ಲಿ ಅಧ್ಯಕ್ಷ ಒಬಾಮಾ ಅವರಿಗೆ ಮರಣೋತ್ತರವಾಗಿ ದೇಶದ ಅತ್ಯುನ್ನತ ನಾಗರಿಕ ಪದಕವನ್ನು ಪ್ರದಾನ ಮಾಡಿದರು.

ಪದಕಕ್ಕಿಂತ ಅಂಕಿಗಳು ಹೆಚ್ಚು ಮಾತನಾಡುತ್ತವೆ. 1971–72ರಲ್ಲಿ ಅಮೆರಿಕದ ಹೈಸ್ಕೂಲು ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರು ಮೂರು ಲಕ್ಷಕ್ಕೂ ಕಡಿಮೆ. 2018–19ರ ಹೊತ್ತಿಗೆ ಅವರ ಸಂಖ್ಯೆ 34 ಲಕ್ಷ. 1972ರಲ್ಲಿ ಅಲ್ಲಿ ವೈದ್ಯ ಪದವಿ ಪಡೆದ ನೂರು ಜನರಲ್ಲಿ ಹೆಂಗಸರು ಸುಮಾರು ಒಂಬತ್ತು. ತಂದೆತಾಯಂದಿರು ಹೆಣ್ಣುಮಕ್ಕಳಿಗೆ ಹೇಳಬಹುದಾದ ಇನ್ನೊಂದು ಅಂಕಿಯೂ ಇದೆ. ಪ್ಯಾಟ್ಸಿಗೆ ಒಂದು ಸೀಟನ್ನೂ ಕೊಡದ ಆ ದೇಶದ ವೈದ್ಯಕೀಯ ಕಾಲೇಜುಗಳಲ್ಲಿ 2019ರಲ್ಲಿ, ಮೊಟ್ಟಮೊದಲ ಬಾರಿಗೆ, ಓದುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳೇ ಆಗಿದ್ದರು.